ಎಲ್ಲವನ್ನೂ ‘ಬಂಧನ’ ಎನ್ನಬೇಡಿ

ಸಂಪಾದಕರಿಗೆ ನಮಸ್ಕಾರ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ಕಾನೂನು ಮತ್ತು ಮಾನವ ಹಕ್ಕುಗಳ ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಿಮ್ಮ ವಿದೇಶ ಸುದ್ದಿಯ ಪುಟವನ್ನು ತಪ್ಪದೆ ಓದುತ್ತೇನೆ. ಅರೆಸ್ಟ್, ಡಿಟೆನ್ಷನ್ (ಹಿಡಿದಿಡುವುದು), ಇಂಟರ್ನ್‌ಮೆಂಟ್ (ಯುದ್ಧಕಾಲದಲ್ಲಿ ಕೂಡಿಡುವುದು), ಕನ್‌ಫೈನ್‌ಮೆಂಟ್ (ಕೂಡಿಹಾಕುವುದು) ಎಲ್ಲಕ್ಕೂ ಅಲ್ಲಿ ಒಂದೇ ಪದ: ‘ಬಂಧನ’. ವಿಚಾರಣೆಗೆ ಕರೆದೊಯ್ದು ಸಂಜೆಗೆ ಬಿಟ್ಟುಕಳಿಸಿದವರೂ ಬಂಧಿತರು, ಯಾವ ಆರೋಪವನ್ನೂ ಹೊರಿಸದೆ ವರ್ಷಗಟ್ಟಲೆ ಕೂಡಿಹಾಕಿದವರೂ ಬಂಧಿತರು. ಯಾರ ಮೇಲೆ ಎಂಥ ಬಲಪ್ರಯೋಗ ನಡೆದಿದೆ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ರಿಸ್ಟ್ರೇಂಟ್ ಮತ್ತು ಕನ್‌ಫೈನ್‌ಮೆಂಟ್ ಎಂಬ ಜೋಡಿಯನ್ನೇ ನೋಡಿ. ಮೊದಲನೆಯದು ತಡೆಯುವುದು, ಎರಡನೆಯದು ಕೂಡಿಹಾಕುವುದು. ಈ ವ್ಯತ್ಯಾಸದ ಮೇಲೆಯೇ ಇಂಗ್ಲೆಂಡಿನಲ್ಲಿ ಒಂದು ಮೊಕದ್ದಮೆ ನಡೆದು 1845ರಲ್ಲಿ ತೀರ್ಪಾಯಿತು. ದೋಣಿ ಪಂದ್ಯ ನೋಡುವವರಿಗೆಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇತುವೆಯ ಕಾಲುದಾರಿಗೆ ಬೇಲಿ ಹಾಕಿ ಆಸನ ಇಟ್ಟಿದ್ದರು. ಬರ್ಡ್ ಎಂಬಾತ ಬೇಲಿ ಹತ್ತಿ ಒಳಗಿಳಿದ. ಪೊಲೀಸರು ಮುಂದೆ ಬಿಡಲಿಲ್ಲ. ಹಿಂದಕ್ಕೆ ಹೋಗಿ ಆಚೆ ಬದಿಯಿಂದ ಸೇತುವೆ ದಾಟಬಹುದು ಎಂದರು. ಆತ ಒಪ್ಪದೆ ಅಲ್ಲೇ ನಿಂತ. ಒಂದು ದಿಕ್ಕನ್ನು ಮಾತ್ರ ತಡೆದರೆ ಅದು ಸೆರೆಯಲ್ಲ, ನಾಲ್ಕೂ ಕಡೆ ಮುಚ್ಚಿದರೆ ಮಾತ್ರ ಸೆರೆ ಎಂದು ಹೆಚ್ಚಿನ ನ್ಯಾಯಮೂರ್ತಿಗಳು ಹೇಳಿದರು. ಮುಖ್ಯ ನ್ಯಾಯಮೂರ್ತಿ ಡೆನ್ಮನ್ ಒಪ್ಪಲಿಲ್ಲ: ನನಗೆ ಹಕ್ಕಿರುವ ಕೆಲಸವನ್ನು ತಡೆದ ಮೇಲೆ ಬೇರೇನೋ ಮಾಡಲು ಬಿಟ್ಟರೆ ಏನು ಬಂತು ಎಂಬುದು ಅವರ ವಾದ. ನನ್ನ ಮನಸ್ಸು ಡೆನ್ಮನ್ ಕಡೆಗೇ ವಾಲುತ್ತದೆ. ಆದರೆ ನಿಮ್ಮ ಪುಟದಲ್ಲಿ ಈ ಸುದ್ದಿ ಬಂದಿದ್ದರೆ ‘ಸೇತುವೆಯಲ್ಲಿ ವ್ಯಕ್ತಿಯ ಬಂಧನ’ ಎಂದಾಗುತ್ತಿತ್ತು, ವಾದವೇ ಅಳಿಸಿಹೋಗುತ್ತಿತ್ತು.

ಸರ್ಕಾರಗಳು ಈ ಪದಗಳನ್ನು ಅಳೆದು ತೂಗಿ ಆರಿಸುತ್ತವೆ. 2002ರ ಜನವರಿಯಲ್ಲಿ ಕ್ಯೂಬಾದಲ್ಲಿರುವ ತನ್ನ ನೌಕಾನೆಲೆ ಗ್ವಾಂಟನಾಮೋಗೆ ಜನರನ್ನು ತಂದಿಳಿಸಿದ ಅಮೆರಿಕ ಅವರನ್ನು ‘ಡಿಟೈನಿ’ (ಹಿಡಿದಿಟ್ಟವರು) ಎಂದಿತು, ಯುದ್ಧಕೈದಿ ಎನ್ನಲಿಲ್ಲ. ಯುದ್ಧಕೈದಿ ಎಂದಿದ್ದರೆ ಯುದ್ಧಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ 1949ರ ಜಿನೀವಾ ಒಪ್ಪಂದದ ರಕ್ಷಣೆ ಪೂರ್ತಿ ಸಿಗಬೇಕಿತ್ತು. ಕಾದಾಟ ಮುಗಿದ ಮೇಲೆ ಬಿಡುಗಡೆ ಮಾಡಬೇಕಿತ್ತು. 1942ರಲ್ಲಿ ಅದೇ ದೇಶ ಸುಮಾರು 1,20,000 ಜಪಾನಿ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿದಾಗ ಬಳಸಿದ ಮಾತು ತೆರವು, ಸ್ಥಳಾಂತರ. ಆಮೇಲೆ ರೂಢಿಗೆ ಬಂದದ್ದು ಇಂಟರ್ನ್‌ಮೆಂಟ್. ಯುದ್ಧಕಾಲದಲ್ಲಿ ಶತ್ರುದೇಶದ ಪ್ರಜೆಗಳನ್ನು ಕೂಡಿಡುವುದಕ್ಕೆ ಕಾನೂನಿನಲ್ಲಿರುವ ಹೆಸರು ಅದು. ಶಿಬಿರದಲ್ಲಿದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಮೆರಿಕದ್ದೇ ಪ್ರಜೆಗಳು! ಆದ್ದರಿಂದಲೇ ಅದನ್ನು ನೇರವಾಗಿ ಸೆರೆವಾಸ ಎನ್ನಿ ಎಂದು ಅವರ ಮಕ್ಕಳು, ಮೊಮ್ಮಕ್ಕಳಲ್ಲಿ ಅನೇಕರು ಕೇಳುತ್ತಿದ್ದಾರೆ. ಆ ಕೋರಿಕೆಯ ತೂಕ ಕನ್ನಡದ ಓದುಗರಿಗೂ ದಾಟಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ‘ಸಾಲಿಟರಿ ಕನ್‌ಫೈನ್‌ಮೆಂಟ್’. ಇದನ್ನು ‘ಏಕಾಂತವಾಸ’ ಎಂದು ಬರೆಯುತ್ತೀರಿ. ಏಕಾಂತ ನಾವು ಬಯಸಿ ಪಡೆಯುವಂಥದ್ದು. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳ ಪ್ರಕಾರ ಸಾಲಿಟರಿ ಕನ್‌ಫೈನ್‌ಮೆಂಟ್ ಎಂದರೆ ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು, ಮನುಷ್ಯರ ಅರ್ಥಪೂರ್ಣ ಒಡನಾಟವಿಲ್ಲದೆ ಇಡುವ ಸೆರೆ. ಸತತ 15 ದಿನ ಮೀರಿದರೆ ಅದಕ್ಕೆ ನಿಷೇಧವಿದೆ. ‘ಒಂಟಿಸೆರೆ’ ಎನ್ನಿ, ಓದಿದ ಕೂಡಲೇ ಹೊಟ್ಟೆಗೆ ತಟ್ಟುತ್ತದೆ.

ಹಳೆಯ ಇಂಗ್ಲಿಷ್ ಬರಹಗಳಲ್ಲಿ ಕನ್‌ಫೈನ್‌ಮೆಂಟ್ ಎಂದರೆ ಹೆರಿಗೆಯ ಅವಧಿಯೂ ಹೌದು. ಸಂದರ್ಭ ನೋಡದೆ ಅನುವಾದಿಸಿದರೆ ಬಾಣಂತಿಯನ್ನು ಜೈಲಿಗೆ ಕಳಿಸಿದಂತಾಗುತ್ತದೆ. ಹಾಗೆಂದು ಹೆರಿಗೆಗೂ ಸಂಕೋಲೆಗೂ ಸಂಬಂಧವೇ ಇಲ್ಲವೆಂದಲ್ಲ. ಹೆರಿಗೆ ನೋವಿನಲ್ಲಿರುವ, ಹೆರುತ್ತಿರುವ, ಆಗಷ್ಟೇ ಹೆತ್ತ ಹೆಂಗಸಿಗೆ ಕೋಳ ತೊಡಿಸಲೇಬಾರದೆಂದು ಮಂಡೇಲಾ ನಿಯಮಗಳು ಹೇಳಿವೆ. ಇದನ್ನು ಬರೆದು ನಿಷೇಧಿಸಬೇಕಾಗಿ ಬಂತಲ್ಲ ಎಂದು ಸಂಕಟವಾಗುತ್ತದೆ. ಆಸ್ಪತ್ರೆಯ ಸುದ್ದಿಗಳಲ್ಲಂತೂ ರಿಸ್ಟ್ರೇಂಟ್ ಎಂದರೆ ರೋಗಿಯನ್ನು ಮಂಚಕ್ಕೆ ಕಟ್ಟುವುದು. ಔಷಧಿಯಿಂದ ಮಂಕುಗೊಳಿಸಿ ಸುಮ್ಮನಿರಿಸಿದರೆ ಅದೂ ರಿಸ್ಟ್ರೇಂಟ್. ಅಲ್ಲಿ ‘ನಿಯಂತ್ರಣ’ ಎಂದು ಬರೆದರೆ ಸತ್ಯ ಮುಚ್ಚಿಹೋಗುತ್ತದೆ.

ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ತಡೆ, ವಶ, ಸೆರೆ, ಗೃಹಬಂಧನ, ಒಂಟಿಸೆರೆ, ಕಟ್ಟಿಹಾಕು, ಕೂಡಿಹಾಕು ಎಲ್ಲವೂ ಕೈಗೆಟುಕುವಂತೆಯೇ ಇವೆ. ‘ಜೈಲು ಶಿಕ್ಷೆ’ಯನ್ನು ನ್ಯಾಯಾಲಯ ತೀರ್ಪು ಕೊಟ್ಟ ಮೇಲಷ್ಟೇ ಬಳಸಿ. ಹಿಡಿದವರು ಯಾರು, ಆರೋಪವೇನು, ಎಲ್ಲಿಟ್ಟಿದ್ದಾರೆ, ಎಂದಿನವರೆಗೆ ಎಂಬುದನ್ನು ನಿಮ್ಮ ಉಪಸಂಪಾದಕರು ಮೂಲ ಸುದ್ದಿಯಲ್ಲಿ ಹುಡುಕಿ ಆಮೇಲೆ ಪದ ಆರಿಸಲಿ. ಆರೋಪವಿಲ್ಲದೆ ಹಿಡಿದಿಟ್ಟಿದ್ದರೆ ‘ಆರೋಪವಿಲ್ಲದೆ’ ಎಂಬುದು ತಲೆಬರಹದಲ್ಲೇ ಇರಲಿ.

– ನಿವೃತ್ತ ಇಂಗ್ಲಿಷ್ ಅಧ್ಯಾಪಕಿ