ನಾಯಿ ಕೊಡುವ ಮುಂಚೆ ಇನ್ನೂ ನಾಲ್ಕು ಪ್ರಶ್ನೆ ಕೇಳಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಕುವೆಂಪುನಗರದವರೊಬ್ಬರು ಬೇಸರದಿಂದ ಬರೆದಿದ್ದರು. ಮಗಳ ಹುಟ್ಟುಹಬ್ಬಕ್ಕೆ ಒಂದು ನಾಯಿಮರಿ ತರೋಣ ಅಂತ ಪ್ರಾಣಿಗಳ ಆಶ್ರಯಧಾಮಕ್ಕೆ ಹೋದರಂತೆ. ಅಲ್ಲಿ ಆಧಾರ್ ಕೇಳಿದರು, ಮನೆ ಸ್ವಂತದ್ದೋ ಬಾಡಿಗೆಯದ್ದೋ ಅಂತ ಕೇಳಿದರು, ಒಮ್ಮೆ ಬಂದು ಮನೆ ನೋಡುತ್ತೇವೆ ಅಂದರು. "ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ" ಅಂತ ಅವರ ದೂರು. ಓದಿ ನಗು ಬಂತು. ಹೆಣ್ಣು ಕೊಡುವವರೂ ಇನ್ನಷ್ಟು ವಿಚಾರಿಸಿದ್ದರೆ ಚೆನ್ನಾಗಿತ್ತು ಅನ್ನುವ ಮನೆಗಳು ನಮ್ಮ ಬೀದಿಯಲ್ಲೇ ಇವೆ, ಅದು ಬೇರೆ ಮಾತು. ಆದರೆ ಅವರ ದೂರನ್ನು ನಾನು ಒಪ್ಪುವುದಿಲ್ಲ. ಆಶ್ರಯಧಾಮದವರು ಕೇಳಿದ್ದು ಜಾಸ್ತಿಯಾಗಿಲ್ಲ. ಕಮ್ಮಿಯೇ ಆಯಿತು.

ನಾನು ಒಂಟಿಕೊಪ್ಪಲಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು, ಚೂಡಿದಾರ, ಫಾಲ್, ಜಿಗ್‌ಜಾಗ್ ಎಲ್ಲ ಮಾಡುತ್ತೇನೆ. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಯಜಮಾನರು, ಅತ್ತೆ, ಓದುವ ಮಗ, ಜೊತೆಗೆ ರಾಣಿ. ರಾಣಿ ಅಂದರೆ ಆಶ್ರಯಧಾಮದಿಂದ ಬಂದ ಕರಿ ಹೆಣ್ಣುನಾಯಿ. ಜನ ಕಂತ್ರಿ ನಾಯಿ ಅನ್ನುತ್ತಾರಲ್ಲ, ಅದೇ. ಬಂದಾಗಲೇ ಅವಳಿಗೆ ನಾಲ್ಕು ವರ್ಷದ ಮೇಲಾಗಿತ್ತು ಅಂತ ಡಾಕ್ಟರು ಹಲ್ಲು ನೋಡಿ ಹೇಳಿದ್ದರು. ಒಂದು ಕಿವಿಯ ತುದಿ ಕತ್ತರಿಸಿದೆ. ಗಿರಾಕಿಗಳು "ಪಾಪ, ಯಾರೋ ಕಡಿದಿದ್ದಾರೆ" ಅನ್ನುತ್ತಾರೆ. ಹಾಗಲ್ಲ. ಸಂತಾನಹರಣದ ಆಪರೇಷನ್ ಆಗಿದೆ ಅನ್ನುವುದಕ್ಕೆ ಹಾಕುವ ಗುರುತು ಅದು. ಆ ಕಿವಿ ಇರುವ ನಾಯಿಯನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯಬಾರದಲ್ಲ, ಅದಕ್ಕೆ.

ನಮ್ಮನ್ನೂ ಅವರು ಎಲ್ಲ ಕೇಳಿದ್ದರು. ಮನೆ ನೋಡಲು ಒಬ್ಬ ಹುಡುಗಿ ಸ್ಕೂಟರಿನಲ್ಲಿ ಬಂದಿದ್ದಳು. ನನ್ನ ಜೊತೆ ಮಾತಾಡಿ ಹೋಗುತ್ತಾಳೆ ಅಂದುಕೊಂಡರೆ, ಅವಳು ನೇರ ಅತ್ತೆಯ ಹತ್ತಿರ ಹೋಗಿ ಕೂತಳು. "ಅಜ್ಜಿ, ನಿಮಗೆ ಒಪ್ಪಿಗೆನಾ?" ಅಂತ ಕೇಳಿದಳು. ನಮ್ಮ ಅತ್ತೆ ಮಡಿಯವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡುಗೆಮನೆಗೂ ದೇವರಮನೆಗೂ ಬರಕೂಡದು. ನನ್ನ ಮಂಚ ಹತ್ತಕೂಡದು. ಮಿಕ್ಕಿದ್ದು ನಿಮ್ಮಿಷ್ಟ" ಅಂದರು. ಹುಡುಗಿ ಅದನ್ನು ಫಾರಂನಲ್ಲೇ ಬರೆದುಕೊಂಡಳು! ಆಮೇಲೆ ಅಡುಗೆಮನೆ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಇಡಿಸಿದಳು. ಆವತ್ತು ಅತ್ತೆಯನ್ನು ಕೇಳದೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನಾನು ಊಹಿಸಬಲ್ಲೆ. ದಿನಾ ಒಂದು ಜಗಳ. ಹದಿನೈದು ದಿನಕ್ಕೆ ನಾಯಿ ಮಹಡಿ ಮೇಲೆ. ತಿಂಗಳಿಗೆ ಬೀದಿಗೆ. ಮನೆಯವರೆಲ್ಲ ಒಪ್ಪಿದ್ದಾರಾ ಅನ್ನುವುದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಅತ್ತೆ ಈಗಲೂ ನಾಯಿಯನ್ನು ಮುಟ್ಟುವುದಿಲ್ಲ. ಆದರೆ ಮಳೆಗಾಲದಲ್ಲಿ ಒಮ್ಮೆ ಅದು ತಟ್ಟೆ ಮೂಸಿ ಹೋಗುತ್ತಿದೆ, ಊಟ ಬಿಟ್ಟಿದೆ ಅಂತ ಮೊದಲು ಹೇಳಿದ್ದು ಅವರೇ. ರಕ್ತ ಪರೀಕ್ಷೆ ಮಾಡಿಸಿದರೆ ಉಣ್ಣೆ ಹುಳು ಕಚ್ಚಿ ಬರುವ ಜ್ವರ. ತಿಂಗಳು ಹತ್ತಿರ ಮಾತ್ರೆ ನುಂಗಿಸಬೇಕಾಯಿತು. ನಾವು ಇನ್ನೂ ತಡ ಮಾಡಿದ್ದರೆ ಉಳಿಯುವುದು ಕಷ್ಟವಿತ್ತು ಅಂತ ಡಾಕ್ಟರು ಅಂದರು.

ಬಾಡಿಗೆ ಮನೆಯ ವಿಷಯ ಅಂಗಡಿಯಲ್ಲಿ ಕೂತರೆ ದಿನಾ ಕಿವಿಗೆ ಬೀಳುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುತ್ತದೆ, ಹೊಸ ಓನರ್ "ನಾಯಿ ಇದ್ದರೆ ಮನೆ ಕೊಡಲ್ಲ" ಅನ್ನುತ್ತಾರೆ. ಆಗ ಸೋಫಾ ಲಾರಿ ಹತ್ತುತ್ತದೆ, ನಾಯಿ ಗೇಟಿನ ಹತ್ತಿರ ಉಳಿಯುತ್ತದೆ. ಅಪಾರ್ಟ್‌ಮೆಂಟುಗಳ ಸಂಘದವರು ಸಾಕುಪ್ರಾಣಿ ಇಡಲೇಬಾರದು ಅಂತ ನಿಯಮ ಮಾಡುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ಮನೆ ಹುಡುಕುವ ಹೊತ್ತಿನಲ್ಲಿ ಓನರ್ ಎದುರು ಆ ಸುತ್ತೋಲೆ ಹಿಡಿದು ನಿಲ್ಲುವವರು ಯಾರು? ಹಾಗಾಗಿ ಓನರ್ ಒಪ್ಪಿಗೆಯನ್ನು ಬರೆಸಿಕೊಂಡು ಬನ್ನಿ ಅಂತ ಆಶ್ರಯಧಾಮದವರು ಕೇಳಿದರೆ ಅದು ನಾಯಿಗೂ ಒಳ್ಳೆಯದು, ಬಾಡಿಗೆಯವರಿಗೂ ಒಳ್ಳೆಯದು.

ಅವರು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ನೀವು ಊರಿಗೆ ಹೋದಾಗ ನಾಯಿ ಎಲ್ಲಿರುತ್ತದೆ? ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ಮೈಸೂರಿನಲ್ಲಿ ಮನೆ ಮಾಡಿರುವವರಲ್ಲಿ ಬಹಳ ಜನಕ್ಕೆ ಮಂಡ್ಯ, ನಾಗಮಂಗಲ, ಕೆ.ಆರ್. ಪೇಟೆ, ಹುಣಸೂರು ಕಡೆ ಒಂದು ಊರು ಇದ್ದೇ ಇರುತ್ತದೆ. ಗೌರಿ ಹಬ್ಬ, ಮಾರಿಹಬ್ಬ, ಯುಗಾದಿ, ನೆಂಟರ ಮದುವೆ, ತಿಥಿ. ಎರಡು ದಿನ ಅಂತ ಹೋದವರು ನಾಲ್ಕು ದಿನ ಉಳಿಯುತ್ತಾರೆ. ನಾಯಿಯನ್ನು ಮಹಡಿಯಲ್ಲಿ ಕಟ್ಟಿ, ಒಂದು ಬಕೆಟ್ ನೀರಿಟ್ಟು, ಪಕ್ಕದ ಮನೆಯವರಿಗೆ "ಸ್ವಲ್ಪ ನೋಡ್ಕೊಳಿ" ಅಂತ ಹೇಳಿ ಹೋಗುತ್ತಾರೆ. ಪಕ್ಕದವರು ಅನ್ನ ಎಸೆದು ಬರುತ್ತಾರೆ. ಬಕೆಟ್ ಮೊದಲ ದಿನವೇ ಉರುಳಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಆರ್‌ಸಿಸಿ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ.

ನಮ್ಮ ವ್ಯವಸ್ಥೆ ಹೇಳುತ್ತೇನೆ. ನಾನು ಅಥವಾ ಯಜಮಾನರು, ಇಬ್ಬರಲ್ಲಿ ಒಬ್ಬರು ಉಳಿಯುತ್ತೇವೆ. ಇಬ್ಬರೂ ಹೋಗಲೇಬೇಕಾದರೆ ನನ್ನ ತಮ್ಮನ ಹೆಂಡತಿ ಬಂದು ಇರುತ್ತಾಳೆ, ರಾಣಿಗೆ ಅವಳ ಪರಿಚಯ ಮೊದಲೇ ಮಾಡಿಸಿದ್ದೇವೆ. ಇಂಥ ಒಬ್ಬರ ಹೆಸರು, ಫೋನ್ ನಂಬರು ಬರೆಯಲು ಫಾರಂನಲ್ಲೇ ಒಂದು ಜಾಗ ಇರಬೇಕು. ಆ ಜಾಗ ಖಾಲಿ ಬಿಟ್ಟವರಿಗೆ ನಾಯಿ ಕೊಡಬಾರದು. ಕಟುವಾಯಿತು ಅನ್ನಿಸಿದರೆ ಅನ್ನಿಸಲಿ.

ಖರ್ಚಿನ ಮಾತು. ದತ್ತು ಪುಕ್ಕಟೆ, ಸಾಕುವುದು ಪುಕ್ಕಟೆಯಲ್ಲ. ನಮಗೆ ಊಟ, ಉಣ್ಣೆ ಹುಳುವಿನ ಔಷಧಿ ಎಲ್ಲ ಸೇರಿ ತಿಂಗಳಿಗೆ ಹತ್ತಿರ ಹತ್ತಿರ 2,000 ರೂಪಾಯಿ ಆಗುತ್ತದೆ. ಕಾಯಿಲೆ ಬಿದ್ದರೆ ಲೆಕ್ಕ ಬೇರೆ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಬೂಸ್ಟರ್, ನಂತರ ವರ್ಷ ವರ್ಷ. ಪಾರ್ವೊ, ಡಿಸ್ಟೆಂಪರ್ ಅನ್ನುವ ನಾಯಿಗಳ ಸೋಂಕುರೋಗಗಳಿಗೆ ಬೇರೆ ಲಸಿಕೆ. ಪಾರ್ವೊ ಬಂದ ಮರಿ ರಕ್ತಭೇದಿಯಾಗಿ ಎರಡು ಮೂರು ದಿನದಲ್ಲೇ ಹೋಗಿಬಿಡಬಹುದು. ಲಸಿಕೆ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಎತ್ತಿಡಿ. ಲಸಿಕೆ ಆದ ಮನೆನಾಯಿಯೇ ಆದರೂ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಿಕೊಂಡು ಕೂರುವುದನ್ನು ದಯವಿಟ್ಟು ಬಿಡಿ.

ಊಟಕ್ಕೆ ಬಂದರೆ, ನಮ್ಮ ಮನೆಯ ಸಾರನ್ನ ನಾಯಿಗಲ್ಲ. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತದೆ. ದ್ರಾಕ್ಷಿ ಮೂತ್ರಪಿಂಡಕ್ಕೆ ಕೆಟ್ಟದ್ದು. ಹಬ್ಬದ ಪಾಯಸ ಮಿಕ್ಕಿತು ಅಂತ ಸುರಿಯುವವರು ಅದರಲ್ಲಿರುವ ಒಣದ್ರಾಕ್ಷಿ ನೆನಪಿಟ್ಟುಕೊಳ್ಳಲಿ. ಚಾಕೊಲೇಟ್ ಕೂಡದು. ಬೇಯಿಸಿದ ಕೋಳಿ ಮೂಳೆ ಚೂರಾಗಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ರಾಣಿಗೆ ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಅನ್ನ, ಕ್ಯಾರೆಟ್ಟು, ಸಂಜೆ ಮೊಟ್ಟೆ, ಕೆಲವು ದಿನ ರಾಗಿ ಗಂಜಿ. ಅತ್ತೆ ಎದುರು ಕೋಳಿ ಬೇಯಿಸುವ ಹಾಗಿಲ್ಲ, ಅಂಗಡಿಯ ಹಿಂದೆ ಸಣ್ಣ ಒಲೆ ಇಟ್ಟಿದ್ದೇವೆ. ಬೆಕ್ಕು ತರುವವರಿಗೆ ಒಂದೇ ಮಾತು. ಬರೀ ಹಾಲನ್ನದಲ್ಲಿ ಬೆಕ್ಕು ಬದುಕುವುದಿಲ್ಲ, ಅದಕ್ಕೆ ಮೀನೋ ಮಾಂಸವೋ ಬೇಕೇ ಬೇಕು.

ಇನ್ನು ಹುಟ್ಟುಹಬ್ಬದ ಮರಿ. ದತ್ತು ಶಿಬಿರದ ಫೋಟೋಗಳಲ್ಲಿ ನಿಮ್ಮ ಪತ್ರಿಕೆಯೂ ಬುಟ್ಟಿಯಲ್ಲಿ ಕೂತ ಮರಿಗಳನ್ನೇ ಹಾಕುತ್ತದೆ. ನೋಡಲು ಚಂದ, ಒಪ್ಪುತ್ತೇನೆ. ಆ ಮರಿ ಆರೇ ತಿಂಗಳಲ್ಲಿ ಚಪ್ಪಲಿ, ಚಾರ್ಜರ್, ಬಾಗಿಲಿನ ಮೂಲೆ ಎಲ್ಲ ಕಡಿಯುವ ದೊಡ್ಡ ನಾಯಿಯಾಗುತ್ತದೆ. ಹನ್ನೆರಡು, ಹದಿಮೂರು ವರ್ಷ ಬದುಕುತ್ತದೆ. ಎಂಟನೇ ಕ್ಲಾಸಿನ ಮಗಳು ಡಿಗ್ರಿ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೂ ಅದು ನಿಮ್ಮ ಮನೆಯಲ್ಲೇ ಇರುತ್ತದೆ. ದೊಡ್ಡ ನಾಯಿಯಾದರೆ ಅದರ ಗುಣ, ಗಾತ್ರ ಎಲ್ಲ ಮೊದಲೇ ಗೊತ್ತಿರುತ್ತದೆ. ಮಕ್ಕಳ ಜೊತೆ ಹೇಗೆ, ಒಂಟಿಯಾಗಿ ಇರುತ್ತದಾ, ಎಲ್ಲವನ್ನೂ ನೋಡಿಕೊಳ್ಳುವವರು ಹೇಳುತ್ತಾರೆ. ಆದರೂ ದೊಡ್ಡವನ್ನು ಕೇಳುವವರಿಲ್ಲ. ಕರಿ ಬಣ್ಣವಾದರಂತೂ ಕೇಳಲೇಬೇಡಿ, ಶನಿ ಅನ್ನುವವರೂ ಇದ್ದಾರೆ.

ದೊಡ್ಡ ನಾಯಿಯನ್ನು ತಂದರೆ ಮೊದಲು ಕೆಲವು ವಾರ ತಾಳ್ಮೆ ಬೇಕು. ರಾಣಿ ಬಂದ ಹೊಸದರಲ್ಲಿ ಕಟಿಂಗ್ ಟೇಬಲ್ ಕೆಳಗಿಂದ ಹೊರಗೆ ಬರುತ್ತಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಯಾರೇ ಬಂದರೂ ನಡುಗುತ್ತಿದ್ದಳು. ಈಗಲೂ ನಮ್ಮ ಅಂಗಡಿಯ ಬಾಗಿಲಲ್ಲಿ "ಹೆಲ್ಮೆಟ್ ತೆಗೆದು ಒಳಗೆ ಬನ್ನಿ" ಅಂತ ಬೋರ್ಡಿದೆ. ಬ್ಯಾಂಕಿನವರ ಬೋರ್ಡ್ ಕದ್ದಿದ್ದೀರಾ ಅಂತ ಗಿರಾಕಿಗಳು ತಮಾಷೆ ಮಾಡುತ್ತಾರೆ. ದೀಪಾವಳಿಯಲ್ಲಿ ಪಟಾಕಿ ಸದ್ದಿಗೆ ಹಗ್ಗ ಕಿತ್ತು ಓಡಿದ ನಾಯಿಗಳು ಎಷ್ಟೋ. ಕುತ್ತಿಗೆಪಟ್ಟಿಯಲ್ಲಿ ಫೋನ್ ನಂಬರ್ ಇರಲಿ, ಆ ರಾತ್ರಿ ಒಳಕೋಣೆಯಲ್ಲಿ ಫ್ಯಾನು, ಟೀವಿ ಹಾಕಿ ಕೂರಿಸಿ.

ಬಿಟ್ಟು ಹೋಗುವವರಿಗೆ ಕಾನೂನು ಇಲ್ಲವಾ ಅಂದರೆ, ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟು ಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ನನ್ನ ಅಂಗಡಿಯಲ್ಲಿ ಸೀರೆಗೆ ಫಾಲ್ ಹಾಕಿಸುವುದಕ್ಕೂ ಇದಕ್ಕಿಂತ ಜಾಸ್ತಿ ಕೊಡಬೇಕು. ಆ ದಂಡಕ್ಕೆ ಯಾರು ಹೆದರುತ್ತಾರೆ? ಕೊಡುವ ಮುಂಚಿನ ವಿಚಾರಣೆಯೇ ಈಗ ಇರುವ ಗಟ್ಟಿ ಬೇಲಿ.

ಈ ಬೇಲಿ ಸಡಿಲವಾಗುವ ಕಾಲ ಬಂದಿದೆ ಅನ್ನುವುದೇ ನನ್ನ ಚಿಂತೆ. 2025ರ ಆಗಸ್ಟ್ 22ರಂದು ಬೀದಿನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಲ್ಲಿ, ಇಷ್ಟ ಇರುವವರು ನಗರಪಾಲಿಕೆಗೆ ಅರ್ಜಿ ಹಾಕಿ ಬೀದಿನಾಯಿಯನ್ನು ದತ್ತು ಪಡೆಯಬಹುದು, ಅದು ಮತ್ತೆ ಬೀದಿಗೆ ಬರದ ಹಾಗೆ ನೋಡಿಕೊಳ್ಳುವುದು ಅವರ ಜವಾಬ್ದಾರಿ ಅಂತ ಇದೆ. ಅದೇ ವರ್ಷ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದ ನಾಯಿಗಳನ್ನು ಹಿಡಿದು ಆಶ್ರಯಧಾಮಕ್ಕೆ ಸೇರಿಸಿ, ಅದೇ ಜಾಗಕ್ಕೆ ವಾಪಸ್ ಬಿಡಬೇಡಿ ಅಂದಿತು. ಹಾಗಾದರೆ ಆಶ್ರಯಧಾಮಗಳು ತುಂಬುತ್ತವೆ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನಂಥ ಸಂಸ್ಥೆ ಇದೆ, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಪಿಂಜರಾಪೋಲ್ ಅನ್ನುವ ಪ್ರಾಣಿಗಳ ಆಶ್ರಯಧಾಮವೂ ಇದೆ, ಆದರೆ ಅದು ಹೆಚ್ಚಾಗಿ ದನಗಳಿಗೆ. ಜಾಗ ತುಂಬಿದಾಗ ಯಾರೇ ಆದರೂ "ಯಾರಾದರೂ ತಗೊಂಡು ಹೋಗಲಿ" ಅನ್ನುವ ಹಾಗಾಗುತ್ತದೆ. ಆಗಲೇ ಪ್ರಶ್ನೆಗಳು ಕಮ್ಮಿಯಾಗುವುದು.

ನಗರಪಾಲಿಕೆಯವರು ದತ್ತು ಕೊಡುವಾಗಲೂ ಇದೇ ಫಾರಂ, ಇದೇ ಮನೆಭೇಟಿ ಇರಲಿ. ಕೊಟ್ಟ ಮೇಲೆ ಒಂದು ತಿಂಗಳಿಗೆ, ಆರು ತಿಂಗಳಿಗೆ ಒಂದು ಫೋನ್ ಮಾಡಲಿ. ಸಾಕಲು ಆಗದಿದ್ದರೆ ರಿಂಗ್ ರೋಡಿಗೆ ಬಿಡುವ ಬದಲು ತಂದ ಕಡೆಗೇ ವಾಪಸ್ ಕೊಡಬಹುದು, ಬೈಯುವುದಿಲ್ಲ ಅಂತ ಫಾರಂನಲ್ಲಿ ದಪ್ಪಕ್ಷರದಲ್ಲಿ ಹಾಕಲಿ. ನಾಚಿಕೆಗೇ ಎಷ್ಟೋ ಜನ ವಾಪಸ್ ಕೊಡದೆ ಬಿಟ್ಟು ಬರುತ್ತಾರೆ. ನಿಮ್ಮ ಪತ್ರಿಕೆ ಮರಿಗಳ ಫೋಟೋದ ಜೊತೆ ಒಂದು ದೊಡ್ಡ ನಾಯಿಯ ಫೋಟೋವನ್ನೂ ಹಾಕಲಿ.

ಕುವೆಂಪುನಗರದ ಆ ಓದುಗರು ಫಾರಂ ತುಂಬಿ ಕೊಡಲಿ, ಮನೆ ನೋಡಲು ಬಂದವರಿಗೆ ಒಂದು ಲೋಟ ಕಾಫಿ ಕೊಡಲಿ. ರಾಣಿ ಮೊದಲು ಇದ್ದ ಆಶ್ರಯಧಾಮದಲ್ಲಿ ಈಗ ಒಂದು ಕಂದು ಗಂಡುನಾಯಿ ಇದೆ. ವಯಸ್ಸು ಆರರ ಹತ್ತಿರ, ಆಪರೇಷನ್, ಲಸಿಕೆ ಎಲ್ಲ ಆಗಿದೆ. ಹಗ್ಗ ಹಾಕಿದರೆ ಎಳೆಯದೆ ಪಕ್ಕದಲ್ಲೇ ನಡೆಯುತ್ತದೆ, ಮಕ್ಕಳೆಂದರೆ ಇಷ್ಟ. ಬೆಕ್ಕಿರುವ ಮನೆಗೆ ಮಾತ್ರ ಆಗುವುದಿಲ್ಲ.

ಇಂತಿ,
ಒಬ್ಬ ಟೈಲರ್,
ಒಂಟಿಕೊಪ್ಪಲು, ಮೈಸೂರು