ಅಗಲಿದ ಆಟಗಾರನ ಜೆರ್ಸಿ ಗೋಡೆಗೆ, ನಂಬರು ಅಂಗಳಕ್ಕೆ

ಮಾನ್ಯ ಸಂಪಾದಕರೇ,

ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಹೆಸರು ಮಾಡಿದವರು ತೀರಿಕೊಂಡಾಗ ಅವರ ಜೆರ್ಸಿ ನಂಬರನ್ನು ಇನ್ನು ಯಾರಿಗೂ ಕೊಡಬಾರದು ಎಂಬ ಮಾತು ಏಳುವುದು ಸಹಜ. ಗೌರವ ಸಲ್ಲಲೇಬೇಕು. ಆದರೆ ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳು ಜೆರ್ಸಿಯನ್ನು ಗೋಡೆಗೇರಿಸಿ ನಂಬರನ್ನು ಆಟದಲ್ಲೇ ಉಳಿಸಿಕೊಳ್ಳುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಕಾರಣ ಬಹುಮಟ್ಟಿಗೆ ಲೆಕ್ಕದ್ದು.

ನಂಬರನ್ನು ಹೀಗೆ ನಿಲ್ಲಿಸುವ ಪದ್ಧತಿ ಬೇರೂರಿದ್ದು ಅಮೆರಿಕದಲ್ಲಿ. 2024ರ ಮೇ 27ರಂದು ತೀರಿಕೊಂಡ ಬಿಲ್ ವಾಲ್ಟನ್ 1973ರ ಕಾಲೇಜು ಫೈನಲ್‌ನಲ್ಲಿ ಮೆಂಫಿಸ್ ಸ್ಟೇಟ್ ವಿರುದ್ಧ 22 ಎಸೆತಗಳಲ್ಲಿ 21 ಬುಟ್ಟಿಗೆ ಹಾಕಿ 44 ಪಾಯಿಂಟ್ ಗಳಿಸಿದರು. ಅದೂ ಕಾಲೇಜು ಆಟದಲ್ಲಿ ಡಂಕ್ (ಜಿಗಿದು ಚೆಂಡನ್ನು ಮೇಲಿನಿಂದ ರಿಂಗಿನೊಳಗೆ ತುರುಕುವುದು) ನಿಷೇಧವಿದ್ದ ಕಾಲದಲ್ಲಿ. ಅವರ 32 ಮತ್ತು ಕರೀಂ ಅಬ್ದುಲ್ ಜಬ್ಬಾರ್ ಅವರ 33, ಇವೆರಡನ್ನೂ ಅವರಿಬ್ಬರೂ ಓದಿದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ 1990ರಲ್ಲಿ ನಿಲ್ಲಿಸಿತು. 1955 ಮತ್ತು 1956ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯಕ್ಕೆ ಪ್ರಶಸ್ತಿ ತಂದ ಬಿಲ್ ರಸೆಲ್ 2022ರಲ್ಲಿ ತೀರಿಕೊಂಡಾಗ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ತನ್ನ ಎಲ್ಲ ತಂಡಗಳಲ್ಲೂ 6ನ್ನು ನಿಲ್ಲಿಸಿತು. ಆಗಲೇ 6 ತೊಟ್ಟಿದ್ದವರು ಮಾತ್ರ ಮುಂದುವರಿಸಬಹುದಿತ್ತು.

ಆದರೆ ಅಲ್ಲೇ ಇನ್ನೊಂದು ದಾರಿಯೂ ಇದೆ. ಕ್ಯಾನ್ಸಾಸ್, ಕೆಂಟಕಿ ವಿಶ್ವವಿದ್ಯಾಲಯಗಳು ಜೆರ್ಸಿಯನ್ನು ಮೇಲೆ ತೂಗುಹಾಕುತ್ತವೆ, ನಂಬರನ್ನು ಹೊಸಬರಿಗೆ ಕೊಡುತ್ತವೆ. ಎನ್‌ಬಿಎ ತಂಡ ಬೋಸ್ಟನ್ ಸೆಲ್ಟಿಕ್ಸ್‌ನ ಜಿಮ್ ಲಾಸ್ಕಟಾಫ್ ತಮ್ಮ 18 ಮುಂದಿನವರಿಗೆ ಸಿಗಲಿ ಎಂದು ಕೇಳಿಕೊಂಡರು. ಅವರ ಗೌರವಕ್ಕೆ ‘ಲಾಸ್ಕಿ’ ಎಂಬ ಹೆಸರಷ್ಟೇ ಮೇಲೇರಿತು. ಆ 18 ಮುಂದೆ ಡೇವ್ ಕವೆನ್ಸ್‌ಗೆ ಸಿಕ್ಕಿತು.

ನಮ್ಮ ಲೆಕ್ಕ ಇನ್ನೂ ಬಿಗಿ. 2014ಕ್ಕೆ ಮೊದಲು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲಿ ನಂಬರು 4ರಿಂದ 15ರವರೆಗೆ ಮಾತ್ರ. ರೆಫರಿ ಒಂದು, ಎರಡು, ಮೂರು ಬೆರಳೆತ್ತಿದರೆ ಅದು ಪಾಯಿಂಟಿನ ಸಂಜ್ಞೆಯೋ ಆಟಗಾರನ ನಂಬರೋ ಎಂಬ ಗೊಂದಲ ಆಗಬಾರದೆಂಬುದು ಅದಕ್ಕೆ ಹೇಳುತ್ತಿದ್ದ ಕಾರಣ. ಈಗ 0, 00 ಮತ್ತು 1ರಿಂದ 99ರವರೆಗೆ ಯಾವುದನ್ನಾದರೂ ತೊಡಬಹುದು. ಆದರೂ 4ರಿಂದ 15ರ ಸೆಟ್ ಹೊಲಿಸುವ ರೂಢಿ ಪೂರ್ತಿ ಹೋಗಿಲ್ಲ. ತಂಡಕ್ಕೆ 12 ಆಟಗಾರರು, ಸೆಟ್ಟಿನಲ್ಲಿ 12 ಜೆರ್ಸಿ. ಒಂದನ್ನು ತೆಗೆದಿಟ್ಟರೆ ಒಬ್ಬ ಹುಡುಗ ಬೆಂಚಿಗೂ ಬರುವಂತಿಲ್ಲ. ಅದರ ಮೇಲೆ ಸೆಟ್ಟಿನ ಅಳತೆಗಳು ಸಾಮಾನ್ಯವಾಗಿ ನಂಬರಿನ ಜೊತೆಗೇ ಏರುತ್ತವೆ: 4, 5 ಸಣ್ಣವು, 14, 15 ದೊಡ್ಡವು. 15ನ್ನು ನಿಲ್ಲಿಸಿದರೆ ತಂಡದ ಅತಿ ಎತ್ತರದ ಆಟಗಾರನಿಗೇ ಮೈಗೆ ಹಿಡಿಸುವ ಅಂಗಿ ಇಲ್ಲ.

ಆಗ ಶುರುವಾಗುವುದು ಟೇಪಿನ ಉಪಾಯ. ಹಳೆಯ ಸೆಟ್ಟಿನ ಇನ್ನೊಂದು 5ರ ಮೇಲೆ ಪಟ್ಟಿ ಅಂಟಿಸಿ ಬೇರೆ ನಂಬರು ಮಾಡುತ್ತಾರೆ. ಬೆವರಿಗೆ ಟೇಪು ಎರಡನೇ ಕ್ವಾರ್ಟರ್‌ನಲ್ಲೇ ಕಳಚುತ್ತದೆ, ಅಂಗಳದಲ್ಲಿ ಇಬ್ಬರು 5 ಆಗುತ್ತಾರೆ, ಒಬ್ಬನ ಫೌಲು ಇನ್ನೊಬ್ಬನ ಹೆಸರಿಗೆ ಬೀಳುತ್ತದೆ. ಐದು ಫೌಲಿಗೆ ಹೊರಗೆ ಹೋಗಬೇಕಾದ ಆಟದಲ್ಲಿ ಇದು ಸಣ್ಣ ತಪ್ಪಲ್ಲ. ಹೊಸ ಜೆರ್ಸಿ ಹೊಲಿಸುವುದೊಂದೇ ದಾರಿ. ಹೊಲಿಸುವಾಗ ಬೆನ್ನ ಮೇಲಿನ ಅಂಕಿ 20 ಸೆಂ.ಮೀ., ಎದೆಯ ಮೇಲಿನದು 10 ಸೆಂ.ಮೀ. ಎತ್ತರ, ಗೆರೆಯ ಅಗಲ 2 ಸೆಂ.ಮೀ. ಇರಲಿ. ಬಟ್ಟೆಯ ಬಣ್ಣಕ್ಕೆ ಎದ್ದು ಕಾಣಬೇಕು.

ನಿಲ್ಲಿಸಲೇಬೇಕು ಎನ್ನುವವರು ಯಾವ ತಂಡಕ್ಕೆ ಎಂಬುದನ್ನು ಬರೆದಿಡಬೇಕು. 2024ರಲ್ಲಿ ಹಾಕಿ ಇಂಡಿಯಾ ಗೋಲ್‌ಕೀಪರ್ ಶ್ರೀಜೇಶ್ ಅವರ 16ನ್ನು ಹಿರಿಯರ ತಂಡದಲ್ಲಷ್ಟೇ ನಿಲ್ಲಿಸಿ ಕಿರಿಯರಿಗೆ ಉಳಿಸಿತು. ಕಾಲೇಜಿನ ತೀರ್ಮಾನ ವಿಶ್ವವಿದ್ಯಾಲಯದ ತಂಡಕ್ಕೆ ಅನ್ವಯಿಸದು. ಅಲ್ಲಿಗೆ ಹಲವು ಕಾಲೇಜುಗಳಿಂದ ಆಟಗಾರರು ಬರುತ್ತಾರೆ.

ಇನ್ನು ಜೆರ್ಸಿ ಇಡುವ ಬಗೆ. ಹೆಚ್ಚು ಕೆಡುವುದು ಇಲ್ಲೇ. ಬೆವರಿನ ಕಲೆ ವರ್ಷಗಳಲ್ಲಿ ಹಳದಿಯಾಗುತ್ತದೆ, ಆದ್ದರಿಂದ ಚೌಕಟ್ಟಿಗೆ ಹಾಕುವ ಮೊದಲು ತಣ್ಣೀರಿನಲ್ಲಿ ಮೆದು ಸೋಪಿನಿಂದ ಒಗೆದು ನೆರಳಲ್ಲಿ ಪೂರ್ತಿ ಒಣಗಿಸಬೇಕು. ಅಂಟಿಸಿದ ವಿನೈಲ್ ನಂಬರಿನ ಮೇಲೆ ನೇರವಾಗಿ ಇಸ್ತ್ರಿ ಇಡಬಾರದು, ಕರಗಿ ಎದ್ದುಬರುತ್ತದೆ. ಮಡಚಿಟ್ಟರೆ ಮಡಿಕೆಯಲ್ಲೇ ಬಿರಿಯುತ್ತದೆ. ಹಲಗೆಗೆ ಬಿಳಿ ಹತ್ತಿಬಟ್ಟೆ ಸುತ್ತಿ, ಜೆರ್ಸಿಯನ್ನು ಭುಜ, ಪಕ್ಕ, ಅಂಚುಗಳಲ್ಲಿ ಸಣ್ಣ ಹೊಲಿಗೆ ಹಾಕಿ ನಿಲ್ಲಿಸಿ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ, ಗೋಂದು ಕಲೆ ಬಿಡುತ್ತದೆ. ಬಟ್ಟೆ ಗಾಜಿಗೆ ತಾಗಿದರೆ ಮಳೆಗಾಲದಲ್ಲಿ ತೇವ ಹಿಡಿದು ಬೂಸ್ಟು ಬರುತ್ತದೆ. ನಡುವೆ 2–3 ಸೆಂ.ಮೀ. ಜಾಗ ಬಿಡಿ. ಹೊರಚೌಕಟ್ಟು ಸುಮಾರು 100 × 80 ಸೆಂ.ಮೀ. ಸಾಕು. ಆ ಅಳತೆಯ 4 ಮಿ.ಮೀ. ಗಾಜೊಂದೇ 8 ಕೆ.ಜಿ. ತೂಗುತ್ತದೆ, ಅಕ್ರಿಲಿಕ್ ಹಾಳೆ ಅದರರ್ಧಕ್ಕೂ ಕಡಿಮೆ, ಚೆಂಡು ಬಡಿದರೂ ಚೂರುಚೂರಾಗದು.

ನಮ್ಮಲ್ಲಿ ಬಹಳಷ್ಟು ಅಂಗಳಗಳು ಬಯಲಿನವು. ಬೇಸಿಗೆಯಲ್ಲಿ 42–43 ಡಿಗ್ರಿ ಮುಟ್ಟುವ ಊರಲ್ಲಿ ಬಟ್ಟೆಯನ್ನು ಹೊರಗೆ ತೂಗುಹಾಕಿದರೆ ಬಣ್ಣ ಉಳಿಯುವುದಿಲ್ಲ. ಅಸಲು ಜೆರ್ಸಿ ಬಿಸಿಲು ಬೀಳದ ಗ್ರಂಥಾಲಯದ ಗೋಡೆಗೆ ಇರಲಿ, ಅಂಗಳದ ಬದಿಗೆ ಶಹಾಬಾದ್ ಫರಸಿಯಲ್ಲಿ ಹೆಸರು, ನಂಬರು, ಆಡಿದ ವರ್ಷ ಕೆತ್ತಿಸಿ. ಅದು ಸುಣ್ಣದ ಕಲ್ಲು; ಆಸಿಡ್ ಸುರಿದು ತೊಳೆದರೆ ಅಕ್ಷರ ತಿಂದುಹೋಗುತ್ತದೆ ಎಂದು ತೊಳೆಯುವವರಿಗೆ ಹೇಳಿರಬೇಕು. ಬೀದರಿನವರಿಗೆ ಇದಕ್ಕಿಂತ ಚೆಂದದ ದಾರಿ ಮನೆಯಲ್ಲೇ ಇದೆ: ಸತು–ತಾಮ್ರದ ಕಪ್ಪು ಫಲಕದ ಮೇಲೆ ಬೆಳ್ಳಿಯಲ್ಲಿ ಕೂರಿಸಿದ ಬಿದರಿ ಅಂಕಿ. ಪ್ಲಾಸ್ಟಿಕ್ ಟ್ರೋಫಿಗಳಿಗೆ ಸುರಿಯುವ ಹಣವನ್ನು ಇತ್ತ ತಿರುಗಿಸಬಾರದೇಕೆ? ಒಳಾಂಗಣವಿದ್ದರೆ ಬೋರ್ಡಿನ ಮೇಲಂಚು 3.95 ಮೀಟರಿನಲ್ಲಿರುವುದರಿಂದ ಬ್ಯಾನರ್ ಅದಕ್ಕಿಂತ ಮೇಲಿರಲಿ, ರಿಂಗಿನ ನೇರ ಹಿಂದೆ ಮಾತ್ರ ಬೇಡ. ಗುರಿ ಇಡುವವನ ಕಣ್ಣು ಅತ್ತ ಹರಿಯುತ್ತದೆ.

ಕೊನೆಯದಾಗಿ ದಾಖಲೆ. ಅಳತೆ ನೋಡಿ ಜೆರ್ಸಿ ಹಂಚುವುದರಿಂದ ಒಬ್ಬನೇ ಮೂರು ವರ್ಷ ಮೂರು ನಂಬರು ತೊಟ್ಟಿರಬಹುದು. ನೆನಪಿನ ಮೇಲೆ ನಂಬದೆ ಹಳೆಯ ಸ್ಕೋರ್‌ಶೀಟು, ತಂಡದ ಫೋಟೊ ಎರಡನ್ನೂ ತಾಳೆ ನೋಡಬೇಕು. ಮನೆಯವರ ಒಪ್ಪಿಗೆ ಪಡೆದು, ಹೆಸರಿನ ಕಾಗುಣಿತವನ್ನು ಅವರಿಂದಲೇ ಬರೆಸಿಕೊಳ್ಳಬೇಕು. ಪಂದ್ಯಾವಳಿ ಮುಗಿದ ಮೇಲೆ ಕಾಲೇಜು ಜೆರ್ಸಿ ವಾಪಸು ಪಡೆಯುವುದರಿಂದ ಅಸಲು ಸಿಗದೆಯೂ ಇರಬಹುದು. ಹೊಸದಾಗಿ ಹೊಲಿಸಿ ತೂಗುಹಾಕಿದರೆ ಕೆಳಗೆ ‘ಮಾದರಿ’ ಎಂದು ಬರೆಯಿರಿ.

– ಬಾಸ್ಕೆಟ್‌ಬಾಲ್ ಆಸಕ್ತರು, ಕಲಬುರಗಿ