ಮೊದಲು ಮೊಳೆ ನಿರ್ಧರಿಸಿ, ಆಮೇಲೆ ನೇಲ್ ಗನ್ ಕೊಳ್ಳಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟು ದಸರಾ, ದೀಪಾವಳಿಯ ರಿಯಾಯಿತಿ ಮಾರಾಟ ಶುರುವಾಗುವ ಹೊತ್ತಿಗೆ ನಮ್ಮ ಕರಾವಳಿಯ ಮನೆಗಳಲ್ಲಿ ಸಣ್ಣಪುಟ್ಟ ಮರಗೆಲಸವೂ ಶುರುವಾಗುತ್ತದೆ. ತೇವಕ್ಕೆ ಎದ್ದ ಬೀಡಿಂಗ್, ಕಪಾಟಿನ ಹಿಂಬದಿಯ ಪ್ಲೈವುಡ್, ಕಿಟಕಿಯ ಸೊಳ್ಳೆ ಪರದೆ, ದೇವರ ಮಂಟಪದ ಪಟ್ಟಿ. ಇಷ್ಟಕ್ಕೆ ಬಡಗಿಯನ್ನು ಕಾಯುವುದೇಕೆಂದು ಅನೇಕರು ಮೊಳೆ ಹೊಡೆಯುವ ಯಂತ್ರವಾದ ನೇಲ್ ಗನ್ ಕೊಳ್ಳುತ್ತಿದ್ದಾರೆ. ಒಳ್ಳೆಯದೇ. ಆದರೆ ಮಂಗಳೂರು, ಉಡುಪಿಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಒಂದೇ ಹೆಸರಿನಲ್ಲಿ ಮಾರಾಟವಾಗುವ ಯಂತ್ರಗಳು ಒಂದೇ ಜಾತಿಯವಲ್ಲ. ಅದನ್ನು ಗ್ರಾಹಕರಿಗೆ ಬಿಡಿಸಿ ಹೇಳುವವರು ಕಡಿಮೆ. ಅದಕ್ಕಾಗಿ ಈ ಪತ್ರ.

ಮೊದಲು ಅಪಾಯದ ಮಾತು. ‘ಮಿನಿ ನೇಲ್ ಗನ್’ ಎಂದು ಅಗ್ಗಕ್ಕೆ ಸಿಗುವ, ಕೊಳವೆಯಂಥ ಕೈ ಉಪಕರಣವೊಂದಿದೆ. ಅದರ ಮೊಳೆಯ ಬುಡದಲ್ಲೇ ಸಿಡಿಮದ್ದು ಇರುತ್ತದೆ. ಅದು ಕಾಂಕ್ರೀಟ್ ಚಾವಣಿಗೆ ಫಾಲ್ಸ್ ಸೀಲಿಂಗ್ ಕಟ್ಟುವವರ ಸಾಧನ. ಮರಕ್ಕೆ, ಅದರಲ್ಲೂ ಪ್ಲೈವುಡ್ಡಿಗೆ ಹೊಡೆದರೆ ಮೊಳೆ ನಿಲ್ಲದೆ ಆಚೆ ಬದಿಗೆ ತೂರಿ ಹೋಗಬಹುದು. ಆಚೆ ಬದಿಯಲ್ಲಿ ಮನುಷ್ಯರಿರುತ್ತಾರೆ. ಮರಗೆಲಸಕ್ಕೆ ಇದನ್ನು ಯಾವ ಕಾರಣಕ್ಕೂ ಕೊಳ್ಳಬೇಡಿ.

ಇನ್ನು ಮರದ ಗನ್‌ಗಳು. ಇಲ್ಲಿ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಮೊಳೆ ತೆಳು. 23 ಗೇಜಿನದು ಸುಮಾರು 0.6 ಮಿ.ಮೀ. ದಪ್ಪದ, ತಲೆಯೇ ಇಲ್ಲದ ಪಿನ್. ಅಂಟು ಒಣಗುವ ತನಕ ತೆಳು ಪಟ್ಟಿಯನ್ನು ಹಿಡಿದಿಟ್ಟರೆ ಅದರ ಕೆಲಸ ಮುಗಿಯಿತು. 18 ಗೇಜಿನದು ಬ್ರ್ಯಾಡ್, ಸುಮಾರು 1.2 ಮಿ.ಮೀ., ತಲೆ ಚಿಕ್ಕದು. ಮನೆಗೆಲಸದ ಮುಕ್ಕಾಲು ಪಾಲು ಇದರಲ್ಲೇ ಆಗುತ್ತದೆ. 16 ಗೇಜಿನದು 1.6 ಮಿ.ಮೀ.; ಬಾಗಿಲ ಚೌಕಟ್ಟಿನ ಅಂಚುಪಟ್ಟಿಗೆ, ಗಟ್ಟಿ ಮರಕ್ಕೆ ಬೇಕಾಗುತ್ತದೆ.

ಅಂಗಡಿಯಲ್ಲಿ ‘ಎಫ್-30’, ‘ಎಫ್-50’, ‘ಟಿ-50’ ಎನ್ನುತ್ತಾರೆ. ಎಫ್ ಎಂದರೆ 18 ಗೇಜ್, ಟಿ-50 ಎಂದರೆ 16 ಗೇಜ್. ಅಕ್ಷರದ ನಂತರದ ಅಂಕಿ ಆ ಗನ್‌ಗೆ ಹಾಕಬಹುದಾದ ಅತಿ ಉದ್ದದ ಮೊಳೆ, ಮಿಲಿಮೀಟರಿನಲ್ಲಿ. ಮೇಲಿನ ತುಂಡಿನ ದಪ್ಪದ ಮೂರು ಪಟ್ಟು ಉದ್ದದ ಮೊಳೆ ಬೇಕೆಂಬುದು ಬಡಗಿಗಳ ಹಳೆಯ ಲೆಕ್ಕ. 6 ಮಿ.ಮೀ. ಪ್ಲೈ ಹಿಂಬದಿಗೆ 20, 10 ಮಿ.ಮೀ. ಬೀಡಿಂಗಿಗೆ 30 ಸಾಕು. ಆದರೆ 18 ಮಿ.ಮೀ. ಪ್ಲೈಯ ಪೆಟ್ಟಿಗೆ ಕೂಡಿಸಲು ಎಫ್-30 ತಂದರೆ, ಮೊಳೆಯ 18 ಮಿ.ಮೀ. ಮೇಲಿನ ಹಲಗೆಯಲ್ಲೇ ಉಳಿದು ಕೆಳಗೆ ಇಳಿಯುವುದು ಬರೀ 12 ಮಿ.ಮೀ. ಆ ಸಂಧಿ ನಿಲ್ಲುವುದಿಲ್ಲ. ಮನೆಗೆ ಒಂದೇ ಗನ್ ಎಂದಾದರೆ ನನ್ನ ಮತ ಎಫ್-50ಕ್ಕೆ. ತೂಕ ತುಸು ಹೆಚ್ಚು, ಆದರೆ ಸಣ್ಣ ಮೊಳೆಯೂ ಅದರಲ್ಲೇ ಹೋಗುತ್ತದೆ. ಸೊಳ್ಳೆ ಪರದೆಯ ಬಲೆಗೆ ಮಾತ್ರ ಇವು ಯಾವುವೂ ಅಲ್ಲ. ಅದಕ್ಕೆ 1013ಜೆಯಂಥ ಸ್ಟೇಪಲ್ ಹೊಡೆಯುವ ಬೇರೆಯೇ ಗನ್ ಇದೆ.

ಹಂಚಿನ ಮನೆಯವರಿಗೆ ಒಂದು ಎಚ್ಚರಿಕೆ. ಪಕ್ಕಾಸಿಗೆ ರೀಪು ಹೊಡೆಯಲು ಬ್ರ್ಯಾಡ್ ಬಳಸಲೇಬೇಡಿ. ಅಷ್ಟು ಹಂಚಿನ ಭಾರವನ್ನೂ ಗಾಳಿಯ ಎಳೆತವನ್ನೂ ಈ ತೆಳು ಮೊಳೆ ತಡೆಯುವುದಿಲ್ಲ. ಗೋಡೆಗೆ ತೂಗುಹಾಕುವ ಶೆಲ್ಫಿಗೂ ಅಷ್ಟೆ, ಸ್ಕ್ರೂ ಬೇಕು.

ಮರವೂ ಲೆಕ್ಕಕ್ಕೆ ಬರುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ರಬ್ಬರ್ ಮರ, ಪ್ಲೈವುಡ್‌ಗಳಲ್ಲಿ 18 ಗೇಜ್ ಸಲೀಸಾಗಿ ಇಳಿಯುತ್ತದೆ. ಹಳೆ ಮನೆಯ ಹಲಸಿನ ದಾರಂದ, ಕಿರಾಲುಬೋಗಿಯ ತೊಲೆಗಳಲ್ಲಿ ಅದೇ ಮೊಳೆ ಅರ್ಧಕ್ಕೆ ನಿಂತು ಮಡಚುತ್ತದೆ. ಗಾಳಿಯ ಒತ್ತಡ ಏರಿಸಿ ಅದನ್ನು ಗೆಲ್ಲಲು ಹೋಗಬೇಡಿ, ಗನ್ನಿನ ಒಳಗಿನ ರಬ್ಬರ್ ಬಂಪರ್ ಒಡೆಯುತ್ತದೆ. ಅಲ್ಲಿ ಡ್ರಿಲ್ ಮಾಡಿ ಸ್ಕ್ರೂ ಹಾಕುವುದೇ ಸರಿ.

ಗನ್ನಿಗೆ ಬಲ ಕರೆಂಟಿನಿಂದಲೋ, ಬ್ಯಾಟರಿಯಿಂದಲೋ, ಒತ್ತಿ ತುಂಬಿದ ಗಾಳಿಯಿಂದಲೋ ಎಂಬುದು ಮುಂದಿನ ಪ್ರಶ್ನೆ. ನೇರ ಕರೆಂಟಿಗೆ ಚುಚ್ಚುವ ಅಗ್ಗದ ಗನ್‌ಗಳ ಪೆಟ್ಟು ದುರ್ಬಲ. 30 ಮಿ.ಮೀ. ಮೊಳೆಯನ್ನು ಎರಡು ಸಲ ಕುಟ್ಟಿಸುತ್ತವೆ, ಎರಡನೇ ಪೆಟ್ಟಿಗೆ ಮರದ ಮೇಲೆ ಗುಳಿ ಬೀಳುತ್ತದೆ. 18 ವೋಲ್ಟ್ ಬ್ಯಾಟರಿಯ ಗನ್ ಚೆನ್ನಾಗಿರುತ್ತದೆ, ಪೈಪಿನ ರಗಳೆಯಿಲ್ಲ. ಆದರೆ ತೂಕ ಎರಡೂವರೆ ಕಿಲೋ ಮೇಲೆ, ಬೆಲೆ ಗಾಳಿ ಗನ್ನಿನ ಹಲವು ಪಟ್ಟು. ಅದೇ ಕಂಪನಿಯ ಬ್ಯಾಟರಿ ಮನೆಯಲ್ಲಿ ಮೊದಲೇ ಇದ್ದರೆ ಮಾತ್ರ ಅದು ಗಿಟ್ಟುತ್ತದೆ.

ಉಳಿದವರಿಗೆ ಗಾಳಿ ಗನ್, ಅದಕ್ಕೆ ಗಾಳಿಯನ್ನು ಒತ್ತಿ ತುಂಬಿಕೊಡುವ 24 ಲೀಟರ್ ಟ್ಯಾಂಕಿನ ಸಣ್ಣ ಕಂಪ್ರೆಸರ್ ಸಾಕು. ಟ್ಯಾಂಕಿನ ಒತ್ತಡ 8 ಬಾರ್‌ನಿಂದ (ಬಾರ್ ಎಂದರೆ ಒತ್ತಡದ ಅಳತೆ) 5 ಬಾರ್‌ಗೆ ಇಳಿಯುವಷ್ಟರಲ್ಲಿ, ಹೊರಗಿನ ಸಾಮಾನ್ಯ ಒತ್ತಡದ ಲೆಕ್ಕದಲ್ಲಿ, ಸುಮಾರು 72 ಲೀಟರ್ ಗಾಳಿ ಕೊಡುತ್ತದೆ. ಬ್ರ್ಯಾಡ್ ಗನ್ನಿಗೆ ಒಂದು ಹೊಡೆತಕ್ಕೆ ಬೇಕಾದ್ದು ಒಂದು ಲೀಟರಿನ ಒಳಗೆ. ಅಂದರೆ ಮೋಟಾರ್ ಮತ್ತೆ ಓಡುವ ಮೊದಲು ಎಪ್ಪತ್ತು ಮೊಳೆ. ಒತ್ತಡವನ್ನು 5 ಬಾರ್‌ನಿಂದ ಆರಂಭಿಸಿ, ಬೇಡದ ತುಂಡಿನ ಮೇಲೆ ಹೊಡೆದು ನೋಡಿ, ಮೊಳೆಯ ತಲೆ ಮೇಲ್ಮೈಯಿಂದ ಒಂದು ಮಿ.ಮೀ. ಕೆಳಗಿಳಿಯುವ ತನಕ ಸ್ವಲ್ಪ ಸ್ವಲ್ಪವೇ ಏರಿಸಿ. ಗನ್ ಮೇಲೆ ಬರೆದ ಗರಿಷ್ಠ ಒತ್ತಡ ದಾಟಬೇಡಿ. ಗಾಳಿಯ ಬದಲು ಆಕ್ಸಿಜನ್ ಸಿಲಿಂಡರ್ ಜೋಡಿಸುವುದಂತೂ ಸ್ಫೋಟಕ್ಕೆ ದಾರಿ.

ನಮ್ಮೂರಿನಲ್ಲಿ ಗಾಳಿ ಗನ್ ಹಾಳಾಗುವುದು ಬಳಕೆಯಿಂದಲ್ಲ, ನೀರಿನಿಂದ. ಮಳೆಗಾಲದ ಮೂವತ್ತು ಡಿಗ್ರಿಯ ಒದ್ದೆ ಗಾಳಿಯನ್ನು ಆ ಟ್ಯಾಂಕಿಗೆ ಒಂದು ಸಲ ತುಂಬಿ ತಣಿಯಲು ಬಿಟ್ಟರೆ ತಳದಲ್ಲಿ ಸುಮಾರು ಒಂದು ಟೀ ಚಮಚ ನೀರು ಸೇರುತ್ತದೆ. ಅದೇ ನೀರು ಪೈಪಿನಲ್ಲಿ ಬಂದು ಗನ್ನಿನ ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತದೆ. ಕೆಲಸ ಮುಗಿದ ಪ್ರತಿ ಸಲವೂ ಟ್ಯಾಂಕಿನ ಒತ್ತಡ ಇಳಿಸಿ, ತಳದ ನಲ್ಲಿ ಬಿಚ್ಚಿ ನೀರು ಬಸಿಯಿರಿ. ಒತ್ತಡ ಹೊಂದಿಸುವ ರೆಗ್ಯುಲೇಟರ್ ಕೊಳ್ಳುವಾಗ ನೀರು ಹಿಡಿಯುವ ಫಿಲ್ಟರ್ ಇರುವುದನ್ನೇ ಕೊಳ್ಳಿ. ಕೆಲಸಕ್ಕೆ ಮುಂಚೆ ಗನ್ನಿನ ಗಾಳಿ ಬಾಯಿಗೆ ಎರಡು ಮೂರು ಹನಿ ನ್ಯೂಮ್ಯಾಟಿಕ್ ಎಣ್ಣೆ ಬಿಡಿ. ಬೈಕಿನ ಎಂಜಿನ್ ಆಯಿಲ್ ಬೇಡ, ಒಳಗಿನ ಓ-ರಿಂಗ್ ಎಂಬ ರಬ್ಬರ್ ಬಳೆ ಉಬ್ಬಬಹುದು.

ಮೊಳೆಯ ಲೋಹದಲ್ಲೂ ಉಳಿತಾಯ ಬೇಡ. ಪೆಟ್ಟಿಗೆಗಟ್ಟಲೆ ಸಿಗುವ ಸಾದಾ ಮೊಳೆಯ ಮೇಲಿನ ಸತುವಿನ ಲೇಪ ತೀರಾ ತೆಳು. ಮಲ್ಪೆ, ಸುರತ್ಕಲ್, ಪಣಂಬೂರಿನ ಉಪ್ಪು ಗಾಳಿಯಲ್ಲಿ ಅದು ಬೇಗ ಸೋಲುತ್ತದೆ, ಪಾಲಿಶ್ ಮೇಲೆ ಕಂದು ಚುಕ್ಕೆ ಏಳುತ್ತದೆ. ಟ್ಯಾನಿನ್ ಎಂಬ ಒಗರು ಅಂಶ ಇರುವ ಮರವಾದರೆ ಅದು ಕಬ್ಬಿಣದ ಜೊತೆ ಸೇರಿ ಕಪ್ಪು ಕಲೆ ಕಟ್ಟುತ್ತದೆ, ಅದು ಉಜ್ಜಿದರೂ ಸುಲಭಕ್ಕೆ ಹೋಗದು. ಕಿಟಕಿ, ಜಗಲಿ, ಅಡುಗೆಮನೆಯ ಕೆಲಸಕ್ಕೆ ಸ್ಟೇನ್‌ಲೆಸ್ ಮೊಳೆಯನ್ನೇ ಕೇಳಿ ತನ್ನಿ. ಕಡಲ ಬದಿಯ ಮನೆಗೆ ಸ್ಟೇನ್‌ಲೆಸ್‌ನ 304 ದರ್ಜೆಗಿಂತ 316 ದರ್ಜೆ ಉತ್ತಮ.

ಹಿಡಿಯುವ ಬಗೆಯೂ ಮುಖ್ಯ. ಬ್ರ್ಯಾಡಿನ ತುದಿ ಉಳಿಯಂತೆ ಇಳಿಜಾರಾಗಿರುವುದರಿಂದ ಗಂಟಿಗೋ ಗಟ್ಟಿ ಎಳೆಗೋ ತಾಗಿದರೆ ಒಳಗೇ ಬಾಗಿ ಪಕ್ಕದಿಂದ ಹೊರಬರುತ್ತದೆ. ಗನ್ನಿನ ದೇಹವನ್ನು ಹಲಗೆಯ ಅಂಚಿಗೆ ಅಡ್ಡಲಾಗಿ ಹಿಡಿದರೆ ಬಾಗಿದ ಮೊಳೆಯೂ ಅಂಚಿನ ಉದ್ದಕ್ಕೇ ಸಾಗಿ ಮರದೊಳಗೆ ಉಳಿಯುವ ಸಂಭವ ಹೆಚ್ಚು. ಇನ್ನೊಂದು ಕೈ ಮೊಳೆಯ ಉದ್ದಕ್ಕಿಂತ ಚೆನ್ನಾಗಿ ದೂರ, ಕನಿಷ್ಠ ಒಂದು ಗೇಣು ಆಚೆ ಇರಲಿ. ಕಣ್ಣು ಕಾಯುವ ಸುರಕ್ಷತಾ ಕನ್ನಡಕ ಕಡ್ಡಾಯ. ಅಂಟು ಹಚ್ಚದೆ ಬರೀ ಬ್ರ್ಯಾಡ್ ನಂಬಬೇಡಿ. ಇಲ್ಲಿ ಮೊಳೆ ಕ್ಲ್ಯಾಂಪ್, ಹಿಡಿಯುವುದು ಅಂಟು.

ಕೊಳ್ಳುವಾಗ ಎರಡು ಸಂಗತಿ ಕಣ್ಣಾರೆ ನೋಡಿ. ಕೆಲವು ಅಗ್ಗದ ಗನ್‌ಗಳಿಗೆ ಮೂತಿಯ ಸುರಕ್ಷತಾ ತುದಿಯೇ ಇರುವುದಿಲ್ಲ, ಟ್ರಿಗರ್ ಒತ್ತಿದರೆ ಗಾಳಿಗೂ ಮೊಳೆ ಹಾರುತ್ತದೆ. ಮೂತಿ ಮರಕ್ಕೆ ಒತ್ತಿ, ಆಮೇಲೆ ಟ್ರಿಗರ್ ಎಳೆದರೆ ಮಾತ್ರ, ಅದೂ ಒಂದೇ ಮೊಳೆ ಬರುವಂಥದ್ದು ಬೇಕು. ಎರಡನೆಯದು ಗಾಳಿಯ ಜೋಡಣೆ. ಗನ್ನಿನ ಕಡೆ ಇರಬೇಕಾದದ್ದು ತೆರೆದ ಗಂಡು ಪ್ಲಗ್. ತಾನೇ ಮುಚ್ಚಿಕೊಳ್ಳುವ ಕಪ್ಲರ್ ಪೈಪಿನ ಕಡೆ ಇರಬೇಕು. ಅದಲುಬದಲಾದರೆ ಪೈಪ್ ಕಳಚಿದ ಮೇಲೂ ಗನ್ನಿನೊಳಗೆ ಗಾಳಿ ಉಳಿದು ಇನ್ನೊಂದು ಹೊಡೆತ ಬಾಕಿಯಿರುತ್ತದೆ. ಮೊಳೆ ಸಿಕ್ಕಿಕೊಂಡಾಗ ಮೂತಿಯ ಕ್ಲಿಪ್ ಬಿಚ್ಚುವವರಿಗೆ ಗಾಯವಾಗುವ ದಾರಿಗಳಲ್ಲಿ ಇದೊಂದು.

ಅಂಗಡಿಯವರಲ್ಲಿ ಒಂದು ವಿನಂತಿ. ಗನ್ನಿನ ಪೆಟ್ಟಿಗೆಯ ಮೇಲೆ ಗೇಜ್, ಮೊಳೆಯ ಉದ್ದ, ಯಾವ ಮರಕ್ಕೆ ಎಂಬ ಮೂರು ಸಾಲು ಕನ್ನಡದಲ್ಲಿ ಅಂಟಿಸಿ. ಕೌಂಟರ್ ಪಕ್ಕ ಒಂದು ಪೈನ್ ತುಂಡು, ಒಂದು ಒಣ ಹಲಸಿನ ತುಂಡು ಇಟ್ಟು, ಕನ್ನಡಕ ಕೊಟ್ಟು, ಕೊಳ್ಳುವವರಿಂದಲೇ ಎರಡಕ್ಕೂ ಒಂದೊಂದು ಮೊಳೆ ಹೊಡೆಸಿ ನೋಡಿ.

– ಓರ್ವ ಓದುಗ, ಉಡುಪಿ